ಲೆನ್ಸ್ ಕೊಳ್ಳುವ ಮುಂಚೆ ಹಳೇ ಫೋಟೋಗಳನ್ನು ಕೇಳಿದೆ

ಲ್ಯಾಂಡ್‌ಸ್ಕೇಪ್‌ಗೆ ಯಾವ ಲೆನ್ಸ್ ತಗೊಳ್ಳಲಿ ಅಂತ ಯಾರನ್ನೇ ಕೇಳಿ, ಉತ್ತರ ಒಂದೇ: ವೈಡ್, ಅಂದ್ರೆ ಅಗಲ ನೋಟದ ಲೆನ್ಸ್, ತಗೋ. ನನಗೂ ಹಾಗೇ ಹೇಳಿದರು. ಆದರೆ ದುಡ್ಡು ಒಂದೇ ಲೆನ್ಸಿಗೆ ಇತ್ತು. ಅದಕ್ಕೇ ಮೊದಲು ನನ್ನ ಹಳೇ ಫೋಟೋಗಳನ್ನೇ ತೆಗೆದು ಕೂತೆ.

ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಫೋಕಲ್ ಲೆಂತ್ (ಲೆನ್ಸಿನ ಎಂ.ಎಂ. ಅಂಕಿ; ಕಡಿಮೆಯಿದ್ದರೆ ನೋಟ ಅಗಲ, ಹೆಚ್ಚಿದ್ದರೆ ದೂರದ್ದು ದೊಡ್ಡದು) ಪ್ರಕಾರ ಫೋಟೋ ವಿಂಗಡಿಸಬಹುದು. ಎಲ್ಲವನ್ನೂ ಅಲ್ಲ, ನನಗೆ ನಿಜಕ್ಕೂ ಇಷ್ಟವಾದವನ್ನು ಮಾತ್ರ ವಿಂಗಡಿಸಿದೆ. ನನ್ನದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದ್ರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನದು. ಜೊತೆಗಿದ್ದದ್ದು 18-55 ಕಿಟ್ ಲೆನ್ಸ್ ಮತ್ತು ಒಂದು ಅಗ್ಗದ 55-200. ತೆಗೆದದ್ದೇನೋ 18ರಲ್ಲೇ ಜಾಸ್ತಿ. ಇಷ್ಟವಾದವು ಮಾತ್ರ 70ರಿಂದ 135ರ ನಡುವೆ ರಾಶಿ ಬಿದ್ದಿದ್ದವು!

ಒಂದೇ ಬೆಟ್ಟಸಾಲಿನ ಎರಡು ಫೋಟೋ ಪಕ್ಕಪಕ್ಕ ಇಟ್ಟೆ. 18ರಲ್ಲಿ ಮೇಲೆ ಖಾಲಿ ಆಕಾಶ, ಕೆಳಗೆ ಖಾಲಿ ಹುಲ್ಲು, ನಡುವೆ ಬೆಟ್ಟ ಬರೀ ಒಂದು ಗೆರೆ. 100ರಲ್ಲಿ ಅದೇ ಬೆಟ್ಟ ಪದರ ಪದರವಾಗಿ, ಒಂದರ ಹಿಂದೆ ಒಂದು ಮಂಜಿನಲ್ಲಿ ತೆಳ್ಳಗಾಗುತ್ತಾ ಹೋಗಿತ್ತು. ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಉದ್ದ ಫೋಕಲ್ ಲೆಂತಿನದು) ದೂರವನ್ನು ಒತ್ತರಿಸುತ್ತದೆ ಅಂತಾರಲ್ಲ, ಅದು ಅರ್ಧ ನಿಜ. ನಿಂತ ಜಾಗ ಬದಲಾಗದಿದ್ದರೆ 18ರ ಫೋಟೋವನ್ನು ಕತ್ತರಿಸಿದರೂ ಪದರ ಹಾಗೇ ಕಾಣುತ್ತದೆ. ಪಿಕ್ಸೆಲ್ ಉಳಿಯುವುದಿಲ್ಲ, ಅಷ್ಟೇ.

ವೈಡ್ ಕೆಟ್ಟದ್ದು ಅಂತಲ್ಲ. ಅದು ಹತ್ತಿರದ ವಸ್ತು ಬೇಡುವ ಲೆನ್ಸ್. ಬಂಡೆಯೋ, ನೀರಿನ ಸುಳಿಯೋ ಕಾಲ ಬುಡದಲ್ಲೇ ಇರಬೇಕು, ನಾವು ಮಂಡಿಯೂರಿ ಅದರ ಮುಂದೆ ಕೂರಬೇಕು. ಅಲ್ಲಿ ಫೋಕಸ್ ಕೂಡ ಸಲೀಸು. ಕ್ರಾಪ್ ಸೆನ್ಸರಿನಲ್ಲಿ 10 ಎಂ.ಎಂ., ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ; ಎಫ್ ಅಂಕಿ ಹೆಚ್ಚಿದಷ್ಟು ಕಿರಿದು) ಎಫ್/8 ಇಟ್ಟು ಸುಮಾರು ಎರಡು ಅಡಿಗೆ ಫೋಕಸ್ ಮಾಡಿದರೆ ಒಂದಡಿಯಿಂದ ದಿಗಂತದವರೆಗೆ ಒಪ್ಪುವಷ್ಟು ಶಾರ್ಪ್ ಬರುತ್ತದೆ. 100 ಎಂ.ಎಂ.ನಲ್ಲಿ ಅದೇ ಎಫ್/8ಕ್ಕೆ 60 ಮೀಟರಿನ ಆಚೆ ಫೋಕಸ್ ಮಾಡಬೇಕು, 30 ಮೀಟರಿಗಿಂತ ಹತ್ತಿರದ್ದು ಮಸುಕು. ಅಂದ್ರೆ ಟೆಲಿ ಹಿಡಿದಾಗ ಮುಂದಿನ ಪೊದೆಯ ಆಸೆ ಬಿಡಬೇಕು. ನಾನು ನೋಡುವುದೇ ದೂರದ್ದನ್ನು. ಹಾಗಾಗಿ 70-200 ಅಂತ ತೀರ್ಮಾನವಾಯಿತು.

ಎಫ್/2.8 ಬೇಕಾ, ಎಫ್/4 ಸಾಕಾ? ಇದರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 2.8 ಎರಡರಷ್ಟು ಬೆಳಕು ಒಳಗೆ ಬಿಡುತ್ತದೆ, ನಿಜ. ಆದರೆ ನಾನು ಟ್ರೈಪಾಡ್ ಮೇಲಿಟ್ಟು ತೆಗೆಯುವುದು ಎಫ್/8, ಎಫ್/11ರಲ್ಲಿ. ಎಫ್/16 ದಾಟಿದರೆ ಡಿಫ್ರಾಕ್ಷನ್‌ನಿಂದ, ಅಂದ್ರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಶಾರ್ಪ್‌ನೆಸ್ ಇಳಿಯುತ್ತದೆ. ಎಷ್ಟೋ 2.8 ಝೂಮ್‌ಗಳು ಒಂದೂವರೆ ಕೆ.ಜಿ. ಹತ್ತಿರ ತೂಗುತ್ತವೆ, ಎಫ್/4 ಅದರ ಅರ್ಧದ ಆಸುಪಾಸು. ಹತ್ತುವವನ ಬೆನ್ನಿಗೇ ಗೊತ್ತು ಅದರ ಬೆಲೆ. ರಾತ್ರಿ ನಕ್ಷತ್ರ ತೆಗೆಯುವವರ ಲೆಕ್ಕ ಬೇರೆ, ಅವರಿಗೆ ವೈಡ್ ಮತ್ತು 2.8 ಎರಡೂ ಬೇಕು.

ಕೊಳ್ಳುವ ಮುಂಚೆ ಬಾಡಿಗೆಗೆ ತಂದು ಇಟ್ಟಿಗೆ ಗೋಡೆಯೊಂದನ್ನು ತೆಗೆದೆ. ಕ್ಯಾಮೆರಾ ಗೋಡೆಗೆ ನೇರ, ಅಪರ್ಚರ್ ಪೂರ್ತಿ ತೆರೆದು. ಆಮೇಲೆ ಪರದೆಯಲ್ಲಿ ನೂರು ಪರ್ಸೆಂಟ್ ದೊಡ್ಡದು ಮಾಡಿ ನಾಲ್ಕು ಮೂಲೆ ನೋಡಿದೆ. ನಾಲ್ಕೂ ಒಂದೇ ಥರ ಸ್ವಲ್ಪ ಮೆತ್ತಗಿದ್ದರೆ ಚಿಂತೆಯಿಲ್ಲ. ಒಂದು ಮೂಲೆ ಮಾತ್ರ ಕಲಸಿದಂತಿದ್ದರೆ ಒಳಗಿನ ಗಾಜು ಓರೆಯಾಗಿರುವ ಅನುಮಾನ. ಹೊಸದನ್ನು ಕೊಂಡ ದಿನವೂ ಇದೇ ಪರೀಕ್ಷೆ ಮತ್ತೆ ಮಾಡಿದೆ, ಯಾಕಂದ್ರೆ ಒಂದೇ ಮಾಡೆಲ್ ಆದರೂ ಪೀಸಿನಿಂದ ಪೀಸಿಗೆ ವ್ಯತ್ಯಾಸ ಇರುತ್ತದೆ. ಸೂರ್ಯ ಫ್ರೇಮಿನ ಅಂಚಿನಲ್ಲಿದ್ದಾಗ ಫ್ಲೇರ್ (ಬೆಳಕು ಲೆನ್ಸಿನೊಳಗೆ ಚದುರಿ ಬೀಳುವ ಕಲೆ, ಮಬ್ಬು) ಎಷ್ಟು ಅಂತಲೂ ನೋಡಿಕೊಂಡೆ.

ಈಗ 18 ಸಾಲದ ಜಾಗದಲ್ಲಿ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ನಾಲ್ಕೈದು ಫ್ರೇಮ್ ತೆಗೆದು ಜೋಡಿಸುತ್ತೇನೆ. ಪ್ರತಿ ಫ್ರೇಮಿನ ಮೂರನೇ ಒಂದು ಭಾಗ ಹಿಂದಿನದರ ಮೇಲೆ ಬರುವಂತೆ ತೆಗೆದರೆ ಸಾಫ್ಟ್‌ವೇರ್ ಸಲೀಸಾಗಿ ಸೇರಿಸುತ್ತದೆ. ಅಲೆಯೋ, ಗಾಳಿಗೆ ಅಲ್ಲಾಡುವ ಕೊಂಬೆಯೋ ಇದ್ದರೆ ಬೆಸುಗೆ ಕೆಡುತ್ತದೆ. ಅಂಥ ಕಡೆ ಹೋಗುವಾಗ ಮಾತ್ರ 10-20 ಬಾಡಿಗೆಗೆ ತರುತ್ತೇನೆ.