ಕಣ್ಣಲ್ಲಿ ಬರೋ ಕೋಟೆನ ತಗಡಿನ ಮೇಲೆ ಬರೆದ ಕಥೆ

ನಾನು ಹಾಸನದಲ್ಲಿ ಬೋರ್ಡ್ ಬರೆಯೋನು. ಫ್ಲೆಕ್ಸ್ ಬಂದ್ಮೇಲೆ ಕೈಬರಹದ ಕೆಲಸ ಕಮ್ಮಿಯಾಗಿ ಈಗ ಅರ್ಧ ದಿನ ಕಂಪ್ಯೂಟರ್ ಮುಂದೆ, ಇನ್ನರ್ಧ ದಿನ ನಂಬರ್ ಪ್ಲೇಟು, ಲಾರಿ ಹಿಂದಿನ ಸಾಲು, ಅಂಗಡಿ ಶಟರು ಅಂತ ನಡೀತಿದೆ. ಆರ್ಟಿಸ್ಟ್ ಅಂತ ಯಾರೂ ಕರೆದಿಲ್ಲ, ನಾನೂ ಕರ್ಕೊಂಡಿಲ್ಲ. ಮೈಗ್ರೇನ್ ಬರೋಕೆ ಮುಂಚೆ ಕಣ್ಣಲ್ಲಿ ಏನಾಗುತ್ತೆ ಅಂತ ಬರೆದು ತೋರಿಸೋಕೆ ಎರಡು ವರ್ಷ ಒದ್ದಾಡಿದೀನಿ, ಅದರಲ್ಲಿ ಏನು ಕೆಟ್ಟೋಯ್ತು ಏನು ಸರಿಹೋಯ್ತು ಅಂತ ಹೇಳೋಣ ಅಂತ.

ಮೊದಲನೇ ಸಲ ಆಗಿದ್ದು ಏಣಿ ಮೇಲೆ ನಿಂತಿದ್ದಾಗ. ಒಂದು ಪ್ರಾವಿಜನ್ ಸ್ಟೋರ್ಸ್ ಬೋರ್ಡು, 'ಸ್ಟೋ' ಅಕ್ಷರಕ್ಕೆ ಒತ್ತು ಎಳೆದು ಕಣ್ಣು ಸ್ವಲ್ಪ ಎಡಕ್ಕೆ ತಂದ್ರೆ ಒತ್ತು ಇಲ್ಲ. ಈಗ ತಾನೇ ಎಳೆದಿದೀನಿ, ಬ್ರಷ್ ಖಾಲಿಯಾಗಿದೆ, ಆದ್ರೆ ಅಕ್ಷರ ಇಲ್ಲ. ಅಳಿಸಿಹೋಗಿಲ್ಲ, ಕಪ್ಪಾಗಿಲ್ಲ, ಅಲ್ಲಿ ಬೋರ್ಡಿನ ನೀಲಿ ಬಣ್ಣ ಮಾತ್ರ ನೀಟಾಗಿ ಇದೆ. ನೇರವಾಗಿ ನೋಡಿದ್ರೆ ಒತ್ತು ಬಂತು, ಪಕ್ಕದ 'ರ್ಸ್' ಮಾಯ. ಐದು ನಿಮಿಷದಲ್ಲಿ ಆ ಜಾಗದ ಅಂಚಿಗೆ ಹಲ್ಲು ಹಲ್ಲು ತರ ಮಿಣುಕು ಶುರುವಾಯ್ತು, ವೆಲ್ಡಿಂಗ್ ಕಿಡಿ ನೋಡ್ಬಿಟ್ಟಾಗ ಕಣ್ಣಲ್ಲಿ ಉಳ್ಕೊಳುತ್ತಲ್ಲ ಹಂಗೆ, ಆದ್ರೆ ಇದು ಒಂದೇ ಸಮ ಕುಣೀತಿತ್ತು. ಏಣಿ ಹಿಡ್ಕೊಂಡು ಹೆಂಗೋ ಇಳಿದೆ. ಅರ್ಧ ಗಂಟೆಗೆ ಕಣ್ಣು ಸರಿಹೋಯ್ತು, ಆಮೇಲೆ ತಲೆ ಒಂದು ಕಡೆ ಸುತ್ತಿಗೇಲಿ ಹೊಡೆದಂಗೆ. ಕನ್ನಡಕದ ಅಂಗಡಿಯವ್ರೊಬ್ರು ಪವರ್ ಜಾಸ್ತಿಯಾಗಿದೆ ಅಂತ ಹೊಸ ಗ್ಲಾಸ್ ಹಾಕ್ಕೊಟ್ರು, ದುಡ್ಡು ಹೋಯ್ತು ಅಷ್ಟೇ. ಕೊನೆಗೆ ನರರೋಗದ ಡಾಕ್ಟರ್ ಎರಡು ಪ್ರಶ್ನೆ ಕೇಳಿದ್ರು: ಒಂದು ಕಣ್ಣು ಮುಚ್ಚಿದ್ರೆ ಹೋಗುತ್ತಾ? ಎರಡೂ ಮುಚ್ಚಿದ್ರೆ? ಹೋಗಲ್ಲ ಸಾರ್, ಕತ್ತಲಲ್ಲೂ ಮಿಣುಕ್ತಾನೇ ಇರುತ್ತೆ ಅಂದೆ. ಹಂಗಾದ್ರೆ ಅದು ಕಣ್ಣಲ್ಲಿಲ್ಲ, ತಲೆ ಹಿಂಭಾಗದಲ್ಲಿ ನೋಟ ನೋಡ್ಕೊಳೋ ಮಿದುಳಿನ ಪದರದಲ್ಲಿದೆ, ಇದಕ್ಕೆ ಔರಾ ಅಂತಾರೆ ಅಂದ್ರು. (ನಿಮಗೆ ಇದು ಮೊದಲನೇ ಸಲ ಆಗ್ತಿದ್ರೆ, ಅಥವಾ ಒಂದೇ ಕಣ್ಣಲ್ಲಿ ಮಾತ್ರ ಆದ್ರೆ, ಒಂದು ಗಂಟೆ ಮೀರಿದ್ರೆ, ಕೈಕಾಲು ಸೋತ್ರೆ, ಮಾತು ತೊದಲಿದ್ರೆ ಚಿತ್ರ ಗಿತ್ರ ಅಂತ ಕೂರಬೇಡಿ, ಆಸ್ಪತ್ರೆಗೆ ಓಡಿ.)

ಚಿತ್ರ ಬರೆಯೋ ಯೋಚನೆ ಬಂದಿದ್ದು ಮನೆಯವ್ರಿಗೆ ಹೇಳಿ ಹೇಳಿ ಸಾಕಾಗಿ. ಕಣ್ಣು ಮಂಜಾಗುತ್ತಾ ಅಂತಾರೆ, ಇಲ್ಲ. ಕತ್ತಲೆ ಬರುತ್ತಾ, ಇಲ್ಲ. ಮತ್ತಿನ್ನೇನಪ್ಪಾ ಅಂತಾರೆ. ಇಪ್ಪತ್ತು ವರ್ಷ ಬ್ರಷ್ ಹಿಡಿದೋನಿಗೆ ಇದು ಬರೆದು ತೋರ್ಸೋಕೆ ಆಗಲ್ವಾ ಅನ್ಸ್ತು.

ಆಮೇಲೆ ನೆನಪು ಮಾಡ್ಕೊಂಡು ಬರೆದಿದ್ದೆಲ್ಲ ಸುಳ್ಳು ಬಂತು, ಮಿಂಚು ಮಿಂಚು ತರ, ಪಟಾಕಿ ಡಬ್ಬಿ ಮೇಲಿನ ಚಿತ್ರ ಇರುತ್ತಲ್ಲ ಹಂಗೆ. ಹಂಗಾಗಿ ಬರ್ತಿರೋವಾಗ್ಲೇ ಬರೆಯೋದು ಅಂತ ತೀರ್ಮಾನ ಮಾಡ್ದೆ. ಎ4 ಹಾಳೆಗಳ ನಡುವೆ ಒಂದೊಂದು ಪ್ಲಸ್ ಗುರುತು ಹಾಕಿ ಪ್ಯಾಡಿಗೆ ಕ್ಲಿಪ್ ಮಾಡಿ ಅಂಗಡೀಲಿ ಒಂದು, ಮನೇಲಿ ಒಂದು ಇಟ್ಟೆ. ಶುರುವಾದ ತಕ್ಷಣ ಗೋಡೆಗೆ ಪ್ಯಾಡ್ ಒರಗಿಸಿ ಒಂದು ಮೊಳ ದೂರದಲ್ಲಿ ಕೂತು, ಕಣ್ಣು ಪ್ಲಸ್ ಮೇಲೇ ಇಟ್ಟು, ಮಿಣುಕಿನ ಅಂಚು ಎಲ್ಲಿದೆಯೋ ಅಲ್ಲಿ ಪೆನ್ಸಿಲ್ ಓಡಿಸೋದು. ಎರಡೆರಡು ನಿಮಿಷಕ್ಕೆ ಫೋನ್ ಜೇಬಲ್ಲಿ ವೈಬ್ರೇಟ್ ಆಗುತ್ತೆ, ಆವಾಗ ಹೊಸ ಗೆರೆ. ಹೇಳೋಕೆ ಸುಲಭ, ಮೊದಲನೇ ಮೂರು ಹಾಳೆ ಹಾಳು, ಯಾಕಂದ್ರೆ ಕೈ ಎಲ್ಲಿ ಹೋಗ್ತಿದೆ ಅಂತ ಕಣ್ಣು ಹಿಂದೆ ಹೋಗ್ಬಿಡುತ್ತೆ, ಕಣ್ಣು ಹೋದ್ರೆ ಅದೂ ಜೊತೇಲಿ ಹೋಗುತ್ತೆ, ನಾಯಿ ತನ್ನ ಬಾಲ ಹಿಡಿಯೋಕೆ ಸುತ್ತಿದಂಗೆ. ಒಂಬತ್ತು ಸಲ ಬಂದಿದ್ರಲ್ಲಿ ಐದು ಹಾಳೆ ನಂಬೋ ತರ ಇವೆ.

ಆ ಐದೂ ಜೋಡಿಸಿದಾಗ ಎರಡು ವಿಷಯ ಗೊತ್ತಾಯ್ತು. ನಡುವಿನ ಹತ್ರ ಸೊನ್ನೆ ತರ ಶುರುವಾಗಿ, ಒಂದು ಕಡೆ ಬಿಚ್ಚಿ ಕುದುರೆ ಲಾಳದ ತರ ಆಗಿ, ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಹಾಳೆ ಅಂಚು ದಾಟಿ ಹೋಗುತ್ತೆ. ಇನ್ನೊಂದು, ಒಳಗಿರೋವಾಗ ಹಲ್ಲು ಸಣ್ಣ, ಗೆರೆ ಗೆರೆ ಮಧ್ಯ ಅಂತರ ಕಮ್ಮಿ. ಹೊರಗೆ ಹೋಗ್ತಾ ಹಲ್ಲು ದಪ್ಪ, ಓಟಾನೂ ಜೋರು. ಇದನ್ನ ನಮ್ಮಕ್ಕನ ಮಗಳಿಗೆ ತೋರಿಸ್ದೆ, ಅವಳು ಇಂಗ್ಲಿಷಲ್ಲಿ ಓದಿ ಹೇಳಿದ್ಲು: ನೋಟದ ನಡುವಿನ ಚೂರು ಜಾಗಕ್ಕೆ ಮಿದುಳು ತುಂಬಾ ಜಾಗ ಕೊಟ್ಟಿದೆ, ಅಂಚಿಗೆ ಕಮ್ಮಿ. ಔರಾ ಬರೋವಾಗ ಮಿದುಳಿನ ಆ ಪದರದ ಮೇಲೆ ಒಂದು ಅಲೆ ಹರಡ್ತಾ ಹೋಗುತ್ತೆ, ಅದು ಒಂದೇ ಸ್ಪೀಡಲ್ಲಿ ಹೋಗ್ತಿದ್ರೂ ನಮಗೆ ಹೊರಗೆ ಹೋಗ್ತಾ ಓಡಿದಂಗೆ ಕಾಣುತ್ತೆ. ಕಾರ್ಲ್ ಲ್ಯಾಶ್ಲಿ ಅನ್ನೋ ಅಮೆರಿಕದ ವಿಜ್ಞಾನಿ ತನಗೆ ಬರ್ತಿದ್ದ ಔರಾನೇ ಹಿಂಗೆ ನಕ್ಷೆ ಮಾಡಿ 1941ರಲ್ಲಿ ಲೆಕ್ಕ ಹಾಕಿದ್ನಂತೆ, ನಿಮಿಷಕ್ಕೆ ಸುಮಾರು 3 ಮಿಲಿಮೀಟರ್. ಅದಾಗಿ ಮೂರೇ ವರ್ಷಕ್ಕೆ, 1944ರಲ್ಲಿ, ಬ್ರೆಜಿಲ್‌ನ ಲಿಯೊ ಅನ್ನೋರು ಮೊಲದ ಮಿದುಳಲ್ಲಿ ಹೆಚ್ಚುಕಮ್ಮಿ ಇದೇ ವೇಗದಲ್ಲಿ ಹರಡೋ ಒಂದು ಅಲೆ ಕಂಡುಹಿಡಿದ್ರು. ಇರುವೆ ಸ್ಪೀಡೂ ಇಲ್ವಲ್ಲ ಮಾರಾಯ್ತಿ ಅಂದೆ, ಇಷ್ಟು ನಿಧಾನದ್ದು ನನ್ನ ಏಣಿಯಿಂದ ಇಳಿಸ್ತಾ ಅಂತ.

ಅವಳೇ ಹ್ಯೂಬರ್ಟ್ ಏರಿ ಅನ್ನೋ ಇಂಗ್ಲೆಂಡ್ ಡಾಕ್ಟರ್ 1870ರಲ್ಲಿ ಬರೆದ ಚಿತ್ರಾನೂ ತೋರಿಸಿದ್ಲು. ನಿಜ ಹೇಳ್ತೀನಿ, ಮೈ ಜುಂ ಅಂತು. ಅದೇ ಲಾಳ, ಅದೇ ಹಲ್ಲು, ಬೆಳೀತಾ ಹೋಗೋದನ್ನ ಹಂತ ಹಂತವಾಗಿ ಬರೆದಿದಾನೆ. ಅವರಪ್ಪ ದೊಡ್ಡ ಖಗೋಳ ವಿಜ್ಞಾನಿ, ಅವರಿಗೂ ಇದೇ ಬರ್ತಿತ್ತಂತೆ. ನಮ್ಮಮ್ಮಂಗೆ ಆ ಚಿತ್ರ ತೋರಿಸಿದ್ರೆ ಅವರು ಫೋನ್ ದೂರ ಹಿಡ್ಕೊಂಡು ನೋಡಿ, ಇದು ಸೌದೆ ಒಲೆ ಹೊಗೆಗೆ ಬರೋದಲ್ವೇನೋ ಅಂದ್ರು. ಗ್ಯಾಸ್ ಬಂದ್ಮೇಲೂ ಬರ್ತಿತ್ತಾ ಅಂದ್ರೆ, ಹೂಂ ಬರ್ತಿತ್ತು ಅಂದು ಒಳಗೆ ಹೋದ್ರು.

ಏರಿ ಇದಕ್ಕೆ ಗ್ರೀಕ್ ಭಾಷೆಯಿಂದ ಕೋಟೆಗೋಡೆ ಅನ್ನೋ ಅರ್ಥ ಬರೋ ಹೆಸರಿಟ್ಟಿದಾನೆ. ಕೋಟೆ ಅಂದ್ರೆ ನಂಗೆ ಮೊದಲು ತಲೆಗೆ ಬಂದಿದ್ದು ಚಿತ್ರದುರ್ಗ, ಇದಕ್ಕೂ ಅದಕ್ಕೂ ಏನು ಸಂಬಂಧ ಅನ್ಸ್ತು. ಆಮೇಲೆ ನೆನಪಾಯ್ತು, ನಮ್ಮ ಸಕಲೇಶಪುರದ ಮಂಜರಾಬಾದ್! 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಯುರೋಪಿನವರ ಮಾದರಿ, ಎಂಟು ಮೂಲೆ ನಕ್ಷತ್ರ. ಕೆಳಗೆ ನಿಂತ್ರೆ ಬರೀ ಗೋಡೆ, ಡ್ರೋನ್ ಫೋಟೋದಲ್ಲಿ ನೋಡಿ, ಗೋಡೆ ಚೂಪಾಗಿ ಹೊರಗೆ ಒಳಗೆ ಹೋಗುತ್ತೆ. ಒಂದು ಭಾನುವಾರ ಬೈಕಲ್ಲಿ ಹೋಗಿ ಗೋಡೆ ಮೂಲೆಗಳನ್ನ ಬರ್ಕೊಂಡು ಬಂದೆ. ಅಲ್ಲೀವರೆಗೂ ನಾನು ಬರೀ ತ್ರಿಕೋನ ಸಾಲು ಬರೀತಿದ್ದೆ, ಸೀರೆ ಬಾರ್ಡರ್ ತರ. ಒಂದು ಗೋಡೆ, ಅದರ ಒಳಗೆ ಅದಕ್ಕೇ ಸಮಾಂತರವಾಗಿ ಇನ್ನೊಂದು, ಹಿಂಗೆ ಎರಡು ಮೂರು ಗೆರೆ ಜೊತೇಲಿ ತಿರುಗಬೇಕು ಅಂತ ಹೊಳೆದಿದ್ದು ಅಲ್ಲೇ.

ಇನ್ನು ಬಣ್ಣ. ತಗಡಿಗೆ ಕಪ್ಪು ಎನಾಮೆಲ್ ಹೊಡೆದು ಬಿಳೀಲಿ ಹಲ್ಲು ಬರೆದೆ, ರೋಡ್ ಹಂಪ್ ಬೋರ್ಡ್ ತರ ಸತ್ತು ಬಿದ್ದಿತ್ತು. ಮಿಣುಕೇ ಇಲ್ಲ. ಆವಾಗ ನಂಗೆ ಕೆಲಸ ಕಲಿಸಿದ ಮೇಷ್ಟ್ರು ಬೈದಿದ್ದು ನೆನಪಾಯ್ತು: ಹಸಿರು ಮೇಲೆ ಕೆಂಪಕ್ಷರ ಬರೀಬೇಡ, ಕಣ್ಣು ಕುಕ್ಕುತ್ತೆ, ಅಂಚು ನಡುಗುತ್ತೆ, ಗಿರಾಕಿ ಓದಲ್ಲ. ನಂಗೆ ಬೇಕಾಗಿದ್ದೇ ಅಂಚು ನಡುಗೋದು! ಕೆಂಪು ಮತ್ತು ನೀಲಿ ಬೆರೆತ ಹಸಿರು, ಎರಡರ ತೂಕ, ಅಂದ್ರೆ ಬಣ್ಣ ಎಷ್ಟು ತಿಳಿ ಎಷ್ಟು ಗಾಢ ಅನ್ನೋದು, ಒಂದೇ ಆಗೋವರೆಗೂ ಬಿಳಿ ಕಪ್ಪು ಬೆರೆಸ್ತಾ ಹೋದೆ. ತೂಕ ನೋಡೋದು ಹೆಂಗೆ ಅಂದ್ರೆ ಫೋನಲ್ಲಿ ಫೋಟೋ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಮಾಡಿ, ಎರಡೂ ಒಂದೇ ಬೂದಿ ಬಣ್ಣ ಆಗಿ ಹಲ್ಲುಗಳು ಮಾಯ ಆದ್ರೆ ಸರಿ ಅಂತ ಅರ್ಥ. ಮಧ್ಯ ಮಧ್ಯ ಅಲ್ಯುಮಿನಿಯಂ ಪೇಂಟಿನ ಸಣ್ಣ ಗೆರೆ, ನೋಡೋನು ತಲೆ ಆಡಿಸಿದ್ರೆ ಹೊಳಪು ಓಡುತ್ತೆ. ಇದು ಹತ್ರ ಬಂತು. ಎಷ್ಟು ಹತ್ರ ಅಂದ್ರೆ ಬರೀತಿರೋವಾಗ್ಲೇ ಎರಡು ಸಲ ನಿಜವಾದ್ದೇ ಬಂತು, ಅದು ಬಣ್ಣಕ್ಕೋ ಟರ್ಪೆಂಟೈನ್ ವಾಸನೆಗೋ ಹೇಳೋಕಾಗಲ್ಲ, ಆದ್ರೆ ಆಮೇಲೆ ಅಕ್ರಿಲಿಕ್‌ಗೆ ಬದಲಾಯಿಸಿ, ಇಪ್ಪತ್ತು ನಿಮಿಷಕ್ಕೆ ಒಂದು ಸಲ ಎದ್ದು ಹೊರಗೆ ಹೋಗೋ ರೂಲ್ ಮಾಡ್ಕೊಂಡೆ. ಮಗ ಇದನ್ನ ಕಂಪ್ಯೂಟರಲ್ಲಿ ಮಿಣುಕೋ ತರ ಮಾಡ್ಕೊಡ್ತೀನಿ ಅಂತ ಮಾಡಿದ, ಅದನ್ನ ನಾನೇ ಅಳಿಸಿಸ್ದೆ. ಪರದೆ ಮೇಲೆ ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಫ್ಲ್ಯಾಶ್ ಆಗೋದು ಕೆಲವರಿಗೆ ಫಿಟ್ಸ್ ತರಿಸಬಹುದು, ಅದಕ್ಕಿಂತ ನಿಧಾನ ಮಾಡಿದ್ರೆ ಇದು ಇದಲ್ಲ, ಬಸ್ಸಿನ ಇಂಡಿಕೇಟರ್.

ಇಷ್ಟೆಲ್ಲ ಆದ್ಮೇಲೂ ನೋಡಿದೋರು ಚೆನ್ನಾಗಿದೆ, ದೀಪಾವಳಿ ತರ ಇದೆ ಅಂದ್ರು. ಹೊಟ್ಟೆ ಉರೀತು. ಯಾಕಂದ್ರೆ ಮಿಣುಕು ಬರೀ ಬೇಲಿ, ಬೇಲಿ ಒಳಗಿನ ಜಾಗ ಇದೆಯಲ್ಲ, ಏನೂ ಇಲ್ಲದ್ದು, ಹೆದರಿಕೆ ಇರೋದು ಅಲ್ಲಿ. ಬೂದಿ ಬಣ್ಣ ಹಾಕ್ದೆ, ಮೋಡ ಆಯ್ತು. ಬಿಳಿ ಬಿಟ್ಟೆ, ತೂತು ಆಯ್ತು. ಮಸುಕು ಮಾಡ್ದೆ, ಕನ್ನಡಕ ಬೇಕಾಗಿರೋರ ಕಣ್ಣಾಯ್ತು. ಇಂಗ್ಲೆಂಡಲ್ಲಿ 1980ರ ದಶಕದಲ್ಲಿ ಮೈಗ್ರೇನ್ ಇರೋರಿಗೆ ಅಂತಲೇ ಚಿತ್ರ ಸ್ಪರ್ಧೆ ಮಾಡಿದ್ರಂತೆ, ಅದರಲ್ಲಿ ಒಂದಷ್ಟು ನೋಡ್ದೆ, ಅರ್ಧ ಮುಖ ಹೋಗಿರೋದನ್ನ ಅಲ್ಲೂ ಬರೆದಿದಾರೆ, ಆದ್ರೆ ಹೋಗಿದೆ ಅಂತ ಗೊತ್ತಾಗೋ ಹಂಗೆ ಬರೆದಿದಾರೆ. ನಿಜದಲ್ಲಿ ಹೋಗಿರೋದೇ ಗೊತ್ತಾಗಲ್ಲ, ಮಿದುಳು ಸುತ್ತಲಿನ ಬಣ್ಣ ಎಳೆದು ಮುಚ್ಚಿಬಿಡುತ್ತೆ. ಲ್ಯಾಶ್ಲಿ ಸ್ನೇಹಿತನ ಮುಖದ ಪಕ್ಕ ನೋಡಿದಾಗ ತಲೆ ಮಾಯವಾಗಿ, ಹಿಂದಿನ ಗೋಡೆ ಕಾಗದದ ಪಟ್ಟೆಗಳು ಸೀದಾ ಟೈವರೆಗೂ ಇಳಿದು ಬಂದಿದ್ವಂತೆ. ನಂಗೂ ಅದೇ, ನೀಲಿ ಬೋರ್ಡಿನ ನೀಲಿ. ಹಂಗೇ ಬರೆದೂ ನೋಡ್ದೆ, ಅಕ್ಷರ ಬಿಟ್ಟು ನೀಲಿ ಮುಂದುವರಿಸಿ. ನಮ್ಮನೆಯವಳು, ಬೋರ್ಡ್ ಯಾಕೆ ಅರ್ಧ ಬರೆದಿಟ್ಟಿದೀರ, ಗಿರಾಕಿ ಅಡ್ವಾನ್ಸ್ ಕೊಟ್ಟಿಲ್ವಾ ಅಂದ್ಲು.

ಆವಾಗ ಬಿಟ್ಟೆ, ನಾನು ಬರೆಯೋದು ಬೇಡ, ನೋಡೋನ ಕಣ್ಣೇ ಬರೀಲಿ ಅಂತ. ಎಲ್ಲರ ಕಣ್ಣಲ್ಲೂ ನರ ಹೊರಗೆ ಹೋಗೋ ಜಾಗದಲ್ಲಿ ಒಂದು ಕುರುಡು ಚುಕ್ಕೆ ಇದೆ, ಸ್ಕೂಲಲ್ಲಿ ಎಲ್ಲಾ ಮಾಡಿರ್ತೀವಿ. ಬಲಗಣ್ಣಿಗೆ ಅದು ನೋಡ್ತಿರೋ ಜಾಗದಿಂದ ಬಲಕ್ಕೆ ಸುಮಾರು 15 ಡಿಗ್ರಿ. ಒಂದು ಮೀಟರ್ ದೂರದಲ್ಲಿ ನಿಂತ್ರೆ ಹತ್ತಿರತ್ತಿರ 27 ಸೆಂಟಿಮೀಟರ್ ಆಗುತ್ತೆ, ಎರಡು ಮೂರು ಸೆಂಟಿಮೀಟರ್ ಕೆಳಗೆ. ತಗಡಿನ ತುಂಬ ಮುಚ್ಚಿದ ರೋಲಿಂಗ್ ಶಟರ್ ಬರೆದೆ, ಅಡ್ಡ ಗೆರೆಗಳು ಒಂದೇ ಸಮ. ಎಡಕ್ಕೆ ಒಂದು ಕೆಂಪು ಪ್ಲಸ್, 27 ಸೆಂಟಿಮೀಟರ್ ಬಲಕ್ಕೆ ಶಟರ್ ಮುಂದೆ ನಿಂತ ಒಬ್ಬ ಮನುಷ್ಯ, ತಲೆ ಅಗಲ ಏಳು ಸೆಂಟಿಮೀಟರ್ ಒಳಗೇ ಇರಬೇಕು, ಜಾಸ್ತಿಯಾದ್ರೆ ಕಿವಿ ಉಳ್ಕೊಳುತ್ತೆ. (ಮೊದಲನೇದ್ರಲ್ಲಿ ಎರಡೂ ಕಿವಿ ಉಳ್ಕೊಂಡು ಮುಖ ಮಾತ್ರ ಹೋಗಿ ಎಲ್ಲರೂ ನಕ್ಕಿದ್ರು.) ಒಂದು ಮೀಟರ್ ದೂರದಲ್ಲಿ ನೆಲದ ಮೇಲೆ ಗೆರೆ. ಎಡಗಣ್ಣು ಮುಚ್ಚಿ ಪ್ಲಸ್ ನೋಡ್ತಾ ನಿಂತ್ರೆ, ತಲೆ ಹೋಗಿ ಶಟರ್ ಗೆರೆ ಕಾಲರ್‌ವರೆಗೂ ಬಂದು ಕೂರುತ್ತೆ. ಮಿಣುಕು ಇಲ್ಲ, ನಂದು ಎರಡೂ ಕಣ್ಣಲ್ಲಿ ಆಗೋದು, ಇದು ಒಂದರಲ್ಲಿ, ಅದೆಲ್ಲ ಒಪ್ತೀನಿ. ಆದ್ರೆ ನಮ್ಮನೆಯವಳು ಗೆರೆ ಮೇಲೆ ನಿಂತು ಕಣ್ಣು ಮುಚ್ಚಿ, ಒಂದು ಕ್ಷಣ ಸುಮ್ಮನಿದ್ದು, ಹಿಂಗಾದಾಗ್ಲೂ ಬೈಕ್ ಓಡಿಸ್ಕೊಂಡು ಬಂದಿದೀರಾ ಅಂತ ಕೇಳಿದ್ಲು. ಉತ್ತರ ಕೊಡ್ಲಿಲ್ಲ.

ಆ ತಗಡು ಈಗ ಅಂಗಡಿ ಒಳಗೋಡೆ ಮೇಲಿದೆ. ನಂಬರ್ ಪ್ಲೇಟ್ ಒಣಗೋವರೆಗೂ ಕಾಯೋರೆಲ್ಲ ಒಂದು ಸಲ ಗೆರೆ ಮೇಲೆ ನಿಲ್ತಾರೆ, ನಿಂತೋರಲ್ಲಿ ಅರ್ಧ ಜನ ತಪ್ಪು ಕಣ್ಣು ಮುಚ್ಚಿ, ಏನೂ ಆಗ್ಲಿಲ್ವಲ್ಲ ಗುರೂ ಅಂತಾರೆ. ಅದಕ್ಕೆ 'ಎಡಗಣ್ಣು ಮುಚ್ಚಿ' ಅಂತ ಹಳದಿ ಮೇಲೆ ಕಪ್ಪಲ್ಲಿ, ಮೂರಿಂಚಿನ ಅಕ್ಷರದಲ್ಲಿ ಬೋರ್ಡ್ ಬರೆದು ಕೆಳಗೇ ಹಾಕಿದೀನಿ. ಅದನ್ನ ಯಾರೂ ಓದಲ್ಲ.