ಪಬ್ಲಿಕ್ ಪಾಲಿಸಿ ಓದಲು ನಾನು ಅರ್ಜಿ ಹಾಕಿದ್ದು ಹೀಗೆ

ಪಬ್ಲಿಕ್ ಪಾಲಿಸಿಯಲ್ಲಿ, ಅಂದರೆ ಸರ್ಕಾರದ ನೀತಿಗಳ ಅಧ್ಯಯನದಲ್ಲಿ, ಮಾಸ್ಟರ್ಸ್ ಮಾಡಬೇಕು ಅಂತ ನನಗೆ ಫೋನ್ ಮಾಡುವವರು ಮೊದಲು ಕೇಳುವುದು, ಯಾವ ಯೂನಿವರ್ಸಿಟಿ ಒಳ್ಳೆಯದು ಅಂತ. ನಾನು ತಿರುಗಿ ಕೇಳುತ್ತೇನೆ: ಸರ್ಕಾರದ ಯಾವ ಕೆಲಸವನ್ನು ನೀವು ಹತ್ತಿರದಿಂದ ನೋಡಿದ್ದೀರಿ? ಅದು ಎಲ್ಲಿ ತೊಡಕಾಗಿ ನಿಲ್ಲುತ್ತದೆ ಅಂತ ಗೊತ್ತಿದೆಯಾ? ಇದಕ್ಕೆ ಉತ್ತರ ಇದ್ದರೆ ಅರ್ಜಿಯ ಮುಕ್ಕಾಲು ಕೆಲಸ ಆದ ಹಾಗೆ. ಇಲ್ಲದಿದ್ದರೆ ಒಂದೆರಡು ವರ್ಷ ಕೆಲಸ ಮಾಡಿ ಬನ್ನಿ ಅನ್ನುತ್ತೇನೆ. ಕೆಲವರಿಗೆ ಬೇಸರ ಆಗುತ್ತದೆ, ಆದರೂ ಹೇಳುತ್ತೇನೆ.

ನಾನು ಕೊಪ್ಪಳ ಜಿಲ್ಲೆಯವಳು. ಕನ್ನಡ ಮಾಧ್ಯಮದಲ್ಲಿ ಬಿಎ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಆಮೇಲೆ ಉದ್ಯೋಗ ಖಾತ್ರಿ ಯೋಜನೆಯ ಸಾಮಾಜಿಕ ಪರಿಶೋಧನೆಯಲ್ಲಿ ತಾಲ್ಲೂಕು ಮಟ್ಟದ ಕೆಲಸ ಮಾಡುತ್ತಿದ್ದೆ. ಪಂಚಾಯಿತಿಗೆ ಹೋಗುವುದು, ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಕಡತ ತೆಗೆಸುವುದು, ಮನೆಮನೆಗೆ ಹೋಗಿ ಜಾಬ್ ಕಾರ್ಡ್ ತಾಳೆ ನೋಡುವುದು, ಬದು, ಕೃಷಿ ಹೊಂಡ ಅಳತೆ ಮಾಡುವುದು, ಕೊನೆಗೆ ಗ್ರಾಮ ಸಭೆಯಲ್ಲಿ ಎಲ್ಲರ ಮುಂದೆ ಓದಿ ಹೇಳುವುದು. 2005ರ ಕಾಯ್ದೆಯ 17ನೇ ಕಲಂ ಈ ಪರಿಶೋಧನೆಯ ಅಧಿಕಾರವನ್ನು ಗ್ರಾಮ ಸಭೆಗೇ ಕೊಟ್ಟಿತ್ತು. ನನಗೆ ಈ ಓದಿನ ಆಸೆ ಹುಟ್ಟಿದ್ದು ಅಲ್ಲೇ. ಒಂದೇ ತರಹದ ದೂರು ಊರಿಂದ ಊರಿಗೆ ಬರುತ್ತಿತ್ತು. ಪಿಡಿಒ ಬದಲಾದರೂ ದೂರು ಬದಲಾಗುತ್ತಿರಲಿಲ್ಲ. ಹಾಗಾದರೆ ಗಂಟು ಇರುವುದು ಮನುಷ್ಯರಲ್ಲೋ ನಿಯಮದಲ್ಲೋ? ಇದನ್ನು ಸರಿಯಾಗಿ ಬಿಡಿಸಿ ನೋಡುವುದನ್ನು ಕಲಿಯಬೇಕು ಅನಿಸಿತು.

ಮನೆಯಲ್ಲಿ ಕೆಎಎಸ್ ಓದು ಅಂದರು. ಮಾವ ಕೇಳಿದರು, “ಇಷ್ಟೆಲ್ಲಾ ಓದಿದ ಮ್ಯಾಲೆ ಯಾವ ಪೋಸ್ಟ್ ಸಿಗ್ತದವಾ?” ನ್ಯಾಯವಾದ ಪ್ರಶ್ನೆ. ಪೋಸ್ಟ್ ಗ್ಯಾರಂಟಿ ಇಲ್ಲ ಅಂತ ನೇರವಾಗಿ ಹೇಳಿದೆ. ಈ ಡಿಗ್ರಿ ಮುಗಿಸಿದವರು ಸಂಶೋಧನಾ ಸಂಸ್ಥೆ, ಎನ್‌ಜಿಒ, ಇಲಾಖೆಗಳ ಸಲಹೆಗಾರರ ಹುದ್ದೆ, ಶಾಸಕರು ಸಂಸದರ ಜೊತೆಗಿನ ಕೆಲಸ, ಇಂಥ ಕಡೆ ಹೋಗುತ್ತಾರೆ. ಹುದ್ದೆ ಭದ್ರತೆಯೇ ಮುಖ್ಯ ಅನ್ನುವವರಿಗೆ ಪರೀಕ್ಷೆ ಬರೆಯುವುದೇ ಸರಿಯಾದ ದಾರಿ. ನಮ್ಮ ಯೂನಿವರ್ಸಿಟಿಗಳ ಸಾರ್ವಜನಿಕ ಆಡಳಿತ ಎಂಎ ಕೂಡ ಬಹಳ ಜನ ಆ ಪರೀಕ್ಷೆಗೆ ಅನುಕೂಲ ಅಂತಲೇ ಓದುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನನಗೆ ಬೇಕಿದ್ದದ್ದು ಬೇರೆ, ಅಷ್ಟೇ.

ಎಂಪಿಪಿ (ಮಾಸ್ಟರ್ ಆಫ್ ಪಬ್ಲಿಕ್ ಪಾಲಿಸಿ), ಎಂಪಿಎ (ಮಾಸ್ಟರ್ ಆಫ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್) ಗೊಂದಲ ಎಲ್ಲರಿಗೂ ಇದೆ. ಸ್ಥೂಲವಾಗಿ ಹೇಳಬೇಕೆಂದರೆ ಎಂಪಿಪಿಯಲ್ಲಿ ನೀತಿಯನ್ನು ವಿಶ್ಲೇಷಿಸುವುದು ಜಾಸ್ತಿ, ಎಂಪಿಎಯಲ್ಲಿ ಸಂಸ್ಥೆ ನಡೆಸುವುದು, ಬಜೆಟ್, ಸಿಬ್ಬಂದಿ ವಿಷಯ ಜಾಸ್ತಿ. ಆದರೆ ಹೆಸರು ನೋಡಿ ನಂಬಬೇಡಿ. ಸಿಲಬಸ್ ಇಳಿಸಿಕೊಂಡು ಕಡ್ಡಾಯ ವಿಷಯಗಳನ್ನು ಓದಿ. ಗಣಿತ ಎಷ್ಟಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಹಾರ್ವರ್ಡ್ ಕೆನಡಿ ಸ್ಕೂಲಿನ ಎಂಪಿಎ/ಐಡಿ (ಅಂತರರಾಷ್ಟ್ರೀಯ ಅಭಿವೃದ್ಧಿ) ಕೋರ್ಸಿಗೆ ಮೈಕ್ರೋ, ಮ್ಯಾಕ್ರೋ ಅರ್ಥಶಾಸ್ತ್ರದ ಜೊತೆ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಮೊದಲೇ ಓದಿರಬೇಕು. ನನ್ನ ಬಿಎಯಲ್ಲಿ ಅದು ಎಲ್ಲಿಂದ ಬರಬೇಕು? ಅಂಥ ಕೋರ್ಸುಗಳನ್ನು ಬಿಟ್ಟೆ. ಅಂಕಿಅಂಶಕ್ಕೆ ಹೆದರುವುದಿಲ್ಲ ಅಂತ ತೋರಿಸಲು ಮಾತ್ರ ಐಐಟಿಗಳ ಆನ್‌ಲೈನ್ ಕೋರ್ಸುಗಳಿರುವ ಎನ್‌ಪಿಟಿಇಎಲ್‌ನಲ್ಲಿ ಒಂದು ಕೋರ್ಸ್ ಮಾಡಿದೆ. ಕಲಿಯುವುದು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ಇದನ್ನು ಧಾರಾಳವಾಗಿ ಮಾಡಿ.

ಬೆಂಗಳೂರಿನಲ್ಲೇ ಒಳ್ಳೆಯ ಜಾಗಗಳಿವೆ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ 2014ರಿಂದ ಎರಡು ವರ್ಷದ ಎಂಪಿಪಿ ಇದೆ, ಅವರದೇ ಪ್ರವೇಶ ಪರೀಕ್ಷೆ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ, ಹಳ್ಳಿ ಕಡೆಯ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಐಐಎಂ ಬೆಂಗಳೂರು 2002ರಲ್ಲಿ ಪಾಲಿಸಿ ಕೋರ್ಸ್ ತೆರೆದದ್ದು ಮುಖ್ಯವಾಗಿ ಸೇವೆಯಲ್ಲಿರುವ ಅಧಿಕಾರಿಗಳಿಗಾಗಿ. ಕೆಲಸ ಬಿಡಲಾಗದವರಿಗೆ ತಕ್ಷಶಿಲಾ ಸಂಸ್ಥೆಯ ಆನ್‌ಲೈನ್ ಕೋರ್ಸುಗಳಿವೆ. ವಿದೇಶಕ್ಕೆ ಹೋದರೇ ದೊಡ್ಡದು ಅನ್ನುವ ಲೆಕ್ಕ ನನಗಿಲ್ಲ. ಕರ್ನಾಟಕದಲ್ಲೇ ಕೆಲಸ ಮಾಡುವವರಿಗೆ ಬೆಂಗಳೂರಿನ ಸಹಪಾಠಿಗಳು ಮುಂದೆ ತುಂಬಾ ಕೆಲಸಕ್ಕೆ ಬರುತ್ತಾರೆ.

ನಾನು ಇಂಗ್ಲೆಂಡ್ ಕಡೆ ನೋಡಿದ್ದಕ್ಕೆ ಕಾರಣ ಒಂದು ಸಂಸ್ಥೆ. ಸಸೆಕ್ಸ್ ಯೂನಿವರ್ಸಿಟಿ ಆವರಣದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್, 1966ರಲ್ಲಿ ಶುರುವಾದದ್ದು. ರಾಬರ್ಟ್ ಚೇಂಬರ್ಸ್ ಇದ್ದ ಜಾಗ. ನಮ್ಮ ಪಂಚಾಯಿತಿಗಳಲ್ಲಿ ಪಿಆರ್‌ಎ ಅಂತ ಮಾಡುತ್ತಾರಲ್ಲ, ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ, ಕಾಳು ಇಟ್ಟು ತಮ್ಮ ಊರಿನ ನಕ್ಷೆ ಬಿಡಿಸುವುದು, ಆ ಪದ್ಧತಿಗೆ ದೊಡ್ಡ ಹೆಸರು ಅವರದು. ಅದು ಬೆಳೆಯುತ್ತಿದ್ದ 1980ರ ದಶಕದ ಕೊನೆಯಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯವರೂ ಅದರಲ್ಲಿ ಇದ್ದರು. ಅಂದರೆ ನಮ್ಮ ಹಳ್ಳಿಗಳ ಅನುಭವವೂ ಅದಕ್ಕೆ ಸೇರಿದೆ. ಜೊತೆಗೆ ಸ್ಥಳೀಯ ಆಡಳಿತದ ಅಧ್ಯಯನಕ್ಕೆ ಹೆಸರಾದ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಗೂ ಅರ್ಜಿ ಹಾಕಿದೆ.

ಹಣ ಇರಲಿಲ್ಲ. ಹಾಗಾಗಿ ಚೆವನಿಂಗ್ ಸ್ಕಾಲರ್‌ಶಿಪ್ ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಬೆಂಗಳೂರು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಬ್ರಿಟಿಷ್ ಸರ್ಕಾರದ ಸ್ಕಾಲರ್‌ಶಿಪ್ ಇದು. ಒಂದು ವರ್ಷದ ಮಾಸ್ಟರ್ಸ್‌ಗೆ ಮಾತ್ರ ಕೊಡುತ್ತಾರೆ, ಎರಡು ವರ್ಷದ ಎಂಪಿಎಗೆ ಇಲ್ಲ. ಕನಿಷ್ಠ 2,800 ಗಂಟೆ ಕೆಲಸ ಮಾಡಿರಬೇಕು, ಅಂದರೆ ಸುಮಾರು ಎರಡು ವರ್ಷ. ಓದು ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲಿ ಇರಬೇಕು. ಅಲ್ಲೇ ನೆಲೆಸುವ ಯೋಚನೆ ಇದ್ದವರು ಇದಕ್ಕೆ ಹಾಕಬೇಡಿ. ಪರಿಶಿಷ್ಟ ಜಾತಿ, ಪಂಗಡದವರು ವಿದೇಶದ ಓದಿಗೆ ನೆರವು ಕೊಡುವ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನು ತಪ್ಪದೇ ವಿಚಾರಿಸಿ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಕೂಡ ಇದೆ, ಅದು ಸಾಲದ ರೂಪದ ಸ್ಕಾಲರ್‌ಶಿಪ್.

ಇನ್ನು ಎಸ್‌ಒಪಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್), ಅಂದರೆ ಈ ಕೋರ್ಸ್ ಯಾಕೆ ಓದಬೇಕು ಅಂತ ನಾವು ಬರೆದು ಕೊಡುವ ಪತ್ರ. ಇದರ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಬೇರೆ ಎಲ್ಲದಕ್ಕೂ ನಿಯಮ ಇದೆ, ಇದಕ್ಕಿಲ್ಲ.

ನನ್ನ ಹತ್ತಿರ ಓದಲು ಬರುವ ಎಸ್‌ಒಪಿಗಳಲ್ಲಿ ಹೆಚ್ಚಿನವು ದೇಶ ಸೇವೆಯಿಂದ ಶುರುವಾಗುತ್ತವೆ. ಚಿಕ್ಕಂದಿನಿಂದ ಬಡತನ ನೋಡಿದ್ದೇನೆ, ಬದಲಾವಣೆ ತರಬೇಕು, ಅಂತ. ಆ ಭಾವನೆ ನಿಜವೇ ಇರುತ್ತದೆ. ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದು ಅಲ್ವಾ? ನೀವು ಮಾತ್ರ ಬರೆಯಬಹುದಾದದ್ದು ಏನು, ಅದನ್ನು ಹುಡುಕಿ.

ನಾನು ಬರೆದದ್ದು ಹಾಜರಿ ಆ್ಯಪ್ ಬಗ್ಗೆ. 2023ರ ಜನವರಿಯಿಂದ, ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದ ಎಲ್ಲ ಖಾತ್ರಿ ಕೆಲಸಕ್ಕೂ ಎನ್‌ಎಂಎಂಎಸ್ ಆ್ಯಪ್‌ನಲ್ಲೇ ಹಾಜರಿ ಅಂತ ಕೇಂದ್ರ ಕಡ್ಡಾಯ ಮಾಡಿತು. ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮೇಟ್, ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆದು ಹಾಕಬೇಕಿತ್ತು. ಉದ್ದೇಶ ಸುಳ್ಳು ಹಾಜರಿ ತಡೆಯುವುದು, ಮತ್ತು ಸುಳ್ಳು ಹಾಜರಿ ಇತ್ತು, ತೀರಿಹೋದವರ ಹೆಸರಿಗೆ ಕೂಲಿ ಬಿದ್ದದ್ದನ್ನು ನಾನೇ ಕಡತದಲ್ಲಿ ಹಿಡಿದಿದ್ದೆ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಜನ ನಸುಕಿನಲ್ಲೇ ಬಂದು, ಬಿಸಿಲೇರುವ ಮುಂಚೆ ಅಳತೆಯ ಕೆಲಸ ಮುಗಿಸುತ್ತಾರೆ. ಕೆಲಸ ಮುಗಿದರೂ ಎರಡನೇ ಫೋಟೊಗೆ ಕಾಯಬೇಕಿತ್ತು. ನೆಟ್‌ವರ್ಕ್ ಸಿಗದ ಕಡೆ ಫೋಟೊ ಹೋಗದಿದ್ದರೆ ದುಡಿದ ದಿನದ ಕೂಲಿಗೇ ಕುತ್ತು ಬರುತ್ತಿತ್ತು. ಸುಳ್ಳು ತಡೆಯಲು ಮಾಡಿದ ನಿಯಮದ ಭಾರ ನಿಜವಾಗಿ ದುಡಿದವರ ಮೇಲೆ ಎಷ್ಟು ಬೀಳುತ್ತಿದೆ? ಇದು ನನ್ನ ಪ್ರಶ್ನೆಯಾಗಿತ್ತು. ಇಷ್ಟನ್ನು ಮೊದಲ ಪ್ಯಾರಾದಲ್ಲೇ ಇಟ್ಟೆ. ನಂತರ ನಾನು ಏನು ಮಾಡಿದೆ: ಗ್ರಾಮ ಸಭೆಯಲ್ಲಿ ದಾಖಲಿಸಿದ್ದು, ವರದಿಯಲ್ಲಿ ಬರೆದದ್ದು, ಬಂದ ಉತ್ತರ. ಆಮೇಲೆ ನನ್ನಿಂದ ಏನು ಆಗಲಿಲ್ಲ: ತಡೆದ ಸುಳ್ಳು ಎಷ್ಟು, ಕಳೆದುಹೋದ ಕೂಲಿ ಎಷ್ಟು ಅಂತ ತೂಗಿ ತೋರಿಸುವ ವಿಧಾನ ನನಗೆ ಬರುತ್ತಿರಲಿಲ್ಲ. ಅದನ್ನು ಕಲಿಯಲು ನಿಮ್ಮ ಕೋರ್ಸಿನ ಇಂಥಿಂಥ ಪತ್ರಿಕೆಗಳು ಬೇಕು ಅಂತ ಹೆಸರು ಹಿಡಿದು ಬರೆದೆ. ಮುಗಿಸಿ ಬಂದು ಏನು ಮಾಡುತ್ತೇನೆ ಅನ್ನುವುದು ಕೊನೆಯ ಪ್ಯಾರಾ.

ಇದನ್ನೆಲ್ಲಾ ಮೊದಲು ಕನ್ನಡದಲ್ಲೇ ಬರೆದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆಲ್ಲಾ ನಾನು ಇದನ್ನೇ ಹೇಳುವುದು. ನೇರ ಇಂಗ್ಲಿಷಿನಲ್ಲಿ ಕೂತರೆ ವ್ಯಾಕರಣದ ಚಿಂತೆಯಲ್ಲೇ ವಿಷಯ ಒಣಗಿಹೋಗುತ್ತದೆ. ಕನ್ನಡದ ಕರಡನ್ನು ಒಬ್ಬ ಕಾಯಕ ಬಂಧು ಅಕ್ಕನಿಗೆ ಓದಿ ಹೇಳಿದೆ. ಅವರು ಅಂದರು, “ಹಸುಗೂಸು ಇಟ್ಕೊಂಡು ಬಂದವರು ಆ ಫೋಟೊಕ್ಕ ಕಾಯೋದು ಬರೀರಿ ಮೇಡಂ, ಅದ ದೊಡ್ಡ ತ್ರಾಸು.” ಅದನ್ನೂ ಸೇರಿಸಿದೆ. ಇಂಗ್ಲಿಷಿಗೆ ತರುವಾಗ ಸಣ್ಣ ವಾಕ್ಯಗಳಲ್ಲೇ ಬರೆದು, ಇಂಗ್ಲಿಷ್ ಮೇಷ್ಟ್ರೊಬ್ಬರ ಹತ್ತಿರ ತಪ್ಪು ಮಾತ್ರ ತಿದ್ದಿಸಿದೆ. ಎಸ್‌ಒಪಿ ಬರೆದುಕೊಡುವ ಕನ್ಸಲ್ಟೆನ್ಸಿಗಳಿವೆ. ಈ ವಿಷಯಕ್ಕೆ ಅವರ ಹತ್ತಿರ ಹೋಗಬೇಡಿ. ಗ್ರಾಮ ಸಭೆಯಲ್ಲಿ ಅವರು ಕೂತಿಲ್ಲ, ನೀವು ಕೂತಿದ್ದೀರಿ.

ಶಿಫಾರಸು ಪತ್ರದ ಕತೆ ಬೇರೆ. ಕಾಲೇಜಿನ ರಾಜ್ಯಶಾಸ್ತ್ರದ ಸರ್ ಹತ್ತಿರ ಹೋದಾಗ ಪ್ರೀತಿಯಿಂದಲೇ ಹೇಳಿದರು, “ನೀನ ಬರಕೊಂಡು ಬಾರವಾ, ಸಹಿ ಹಾಕ್ತೀನಿ.” ನಮ್ಮ ಕಡೆ ಇದು ರೂಢಿ. ಆದರೆ ನಾವೇ ಬರೆದರೆ ಎಸ್‌ಒಪಿ ಮತ್ತು ಪತ್ರ ಎರಡೂ ಒಂದೇ ದನಿಯಲ್ಲಿ ಇರುತ್ತವೆ, ಓದುವವರಿಗೆ ಗೊತ್ತಾಗಿಬಿಡುತ್ತದೆ, ಮತ್ತು ಅದು ಸರಿಯೂ ಅಲ್ಲ. ನಾನು ಸರ್ ಜೊತೆ ಒಂದು ಸಂಜೆ ಕೂತೆ. ಪಂಚಾಯಿತಿಗಳ ಬಗೆಗಿನ ಸಂವಿಧಾನದ 73ನೇ ತಿದ್ದುಪಡಿ ಪಾಠ ಆದಾಗ ನಾನು ನಮ್ಮೂರ ಪಂಚಾಯಿತಿ ಬಜೆಟ್ ತಂದು ಕ್ಲಾಸಿನಲ್ಲಿ ಓದಿದ್ದು ಅವರಿಗೇ ನೆನಪಾಯಿತು. ಅದನ್ನೇ ಬರೆಯಿರಿ ಸರ್ ಅಂದೆ. ಅವರು ಕನ್ನಡದಲ್ಲಿ ಹೇಳುತ್ತಾ ಹೋದರು, ಮಗಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು, ಅವರು ಓದಿ ಒಪ್ಪಿ ಕಳಿಸಿದರು. ಎರಡನೆಯದು ನನ್ನ ಕೆಲಸ ನೋಡಿದ ಮೇಲಧಿಕಾರಿಯಿಂದ. ದೊಡ್ಡ ಹೆಸರಿನ, ನಿಮ್ಮನ್ನು ಅರಿಯದ ಅಧಿಕಾರಿಗಿಂತ ನಿಮ್ಮ ಕೆಲಸ ಕಂಡವರು ಮೇಲು. ಇನ್ನೊಂದು ಮಾತು, ಅನೇಕ ಯೂನಿವರ್ಸಿಟಿಗಳು ಅಧಿಕೃತ ಇ-ಮೇಲ್ ವಿಳಾಸದಿಂದ ಬಂದ ಪತ್ರ ಕೇಳುತ್ತವೆ, ನಮ್ಮ ಕಾಲೇಜುಗಳಲ್ಲಿ ಬಹಳ ಜನ ಜಿಮೇಲ್ ಬಳಸುತ್ತಾರೆ. ಕಾಲೇಜಿನ ಇ-ಮೇಲ್ ಇದೆಯಾ ಅಂತ ಮೊದಲೇ ಕೇಳಿ.

ಕಾಗದಪತ್ರದಲ್ಲಿ ತೊಂದರೆ ಕೊಡುವುದು ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಬಿಡಿಸಿ ಬರೆದಿರುತ್ತದೆ. ಎರಡೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟುಕೊಂಡೆ. ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲ ವರ್ಷಗಳ ವಿಷಯ, ಅಂಕಗಳ ಅಧಿಕೃತ ಪಟ್ಟಿ) ಯೂನಿವರ್ಸಿಟಿಯ ಪರೀಕ್ಷಾ ವಿಭಾಗಕ್ಕೆ ಓಡಾಡಬೇಕಾಗುತ್ತದೆ, ಅದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ. ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ನ ಶುಲ್ಕ ನಾನು ಬರೆದಾಗಲೇ 16 ಸಾವಿರ ದಾಟಿತ್ತು. ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ, ಆದ್ದರಿಂದ ತೀರಾ ಮೊದಲೇ ಬರೆಯಬೇಡಿ. ಕೋಚಿಂಗ್ ನಾನು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಇಂಗ್ಲಿಷ್ ಪೇಪರಿನ ಸಂಪಾದಕೀಯ ಜೋರಾಗಿ ಓದುವುದು, ರಾತ್ರಿ ಒಂದು ಪ್ರಬಂಧ ಬರೆಯುವುದು, ಇಷ್ಟೇ. ಗಣಿತ, ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಜಿಆರ್‌ಇ ಪ್ರವೇಶ ಪರೀಕ್ಷೆ ಬಗ್ಗೆ ಬಹಳ ಜನ ಸುಮ್ನೆ ಹೆದರುತ್ತಾರೆ. ಬ್ರಿಟನ್ನಿನ ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಅದನ್ನು ಕೇಳುವುದಿಲ್ಲ.

ಚೆವನಿಂಗ್ ಅರ್ಜಿಯಲ್ಲಿ ನಾಲ್ಕು ಪ್ರಬಂಧ: ನಾಯಕತ್ವ, ಸಂಪರ್ಕ ಬೆಳೆಸುವುದು, ಬ್ರಿಟನ್ನಿನಲ್ಲಿ ಓದುವ ಕಾರಣ, ಮುಂದಿನ ಯೋಜನೆ. ಸಂಪರ್ಕ ಅಂದ ತಕ್ಷಣ ನಮಗೆ ದೊಡ್ಡವರು ಯಾರೂ ಗೊತ್ತಿಲ್ಲವಲ್ಲ ಅಂತ ಹಳ್ಳಿಯವರು ಕುಗ್ಗುತ್ತಾರೆ. ನಾನು ಬರೆದದ್ದು ಕಾಯಕ ಬಂಧು ಹೆಣ್ಣುಮಕ್ಕಳ ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ. ಒಂದು ಊರಲ್ಲಿ ಕೂಲಿ ತಡವಾದರೆ ಇನ್ನೊಂದು ಊರಿನವರು ಯಾರಿಗೆ, ಹೇಗೆ ಅರ್ಜಿ ಕೊಡಬೇಕು ಅಂತ ಅಲ್ಲೇ ಧ್ವನಿ ಸಂದೇಶದಲ್ಲಿ ಹೇಳಿಕೊಡುತ್ತಿದ್ದರು. ಸಂದರ್ಶನದಲ್ಲಿ ಹೆಚ್ಚು ಹೊತ್ತು ಕೇಳಿದ್ದೂ ಇದನ್ನೇ. ಆ ಗುಂಪು ನೀವು ಹೋದ ಮೇಲೂ ನಡೆಯುತ್ತದಾ ಅಂದರು. ನಡೆಸುವವರು ಅವರೇ, ನಾನು ಸೇರಿಸಿದೆ ಅಷ್ಟೇ, ಅಂದೆ. ಅರ್ಜಿಯಲ್ಲಿ ಬರೆದ ಪ್ರತಿ ಸಾಲಿನ ಹಿಂದೆ ಇನ್ನೂ ಐದು ನಿಮಿಷ ಮಾತಾಡುವಷ್ಟು ವಿಷಯ ಇರಬೇಕು, ಅವರು ನೋಡುವುದೇ ಅದನ್ನು.

ಕಾಲದ ಲೆಕ್ಕ ಹೀಗಿದೆ. ಚೆವನಿಂಗ್ ಸಾಮಾನ್ಯವಾಗಿ ಮಳೆಗಾಲದ ಕೊನೆಗೆ ತೆರೆದು ಅಕ್ಟೋಬರ್-ನವೆಂಬರ್ ಹೊತ್ತಿಗೆ ಮುಚ್ಚುತ್ತದೆ. ಯೂನಿವರ್ಸಿಟಿಗೆ ಬೇರೆಯಾಗಿಯೇ ಅರ್ಜಿ ಹಾಕಬೇಕು, ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸಂದರ್ಶನ ಬೇಸಿಗೆ ಹೊತ್ತಿಗೆ. ಫಲಿತಾಂಶ ಬಂದು, ಯೂನಿವರ್ಸಿಟಿಯ ಷರತ್ತಿಲ್ಲದ ಪ್ರವೇಶ ಪತ್ರ ಕೊಟ್ಟು, ವೀಸಾ ಮಾಡಿಸಿ, ಸೆಪ್ಟೆಂಬರ್‌ನಲ್ಲಿ ಕ್ಲಾಸು. ಜೂನ್‌ನಿಂದ ಆಗಸ್ಟ್‌ವರೆಗೆ ಉಸಿರಾಡಲು ಪುರಸೊತ್ತಿಲ್ಲ. ವೀಸಾಗೆ ಟಿಬಿ ಪರೀಕ್ಷೆ ಬೇಕು, ಅದೂ ಅವರು ಒಪ್ಪಿದ ಕ್ಲಿನಿಕ್‌ಗಳಲ್ಲೇ ಆಗಬೇಕು. ನಾನು ಬೆಂಗಳೂರಿನಲ್ಲಿ ಮಾಡಿಸಿದೆ. ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತದೆ, ಹಾಗಾಗಿ ಫಲಿತಾಂಶ ಬಂದ ವಾರವೇ ಸ್ಲಾಟ್ ಹಿಡಿಯಿರಿ. ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಕ್ಲಿನಿಕ್ಕು, ಮಧ್ಯಾಹ್ನ ವೀಸಾ ಕೇಂದ್ರಕ್ಕೆ ಹೋಗಿ ವಿಚಾರಿಸಿಕೊಂಡು, ಸಂಜೆಯ ಬಸ್ಸಿಗೆ ವಾಪಸ್ಸು ಬರಬಹುದು. ಪಾಸ್‌ಪೋರ್ಟ್ ಮತ್ತು ಹೆಸರಿನ ಅಫಿಡವಿಟ್ ಕೈಚೀಲದಲ್ಲೇ ಇರಲಿ.