ಹಿಂದಿನ ಸಾಲಿನಲ್ಲಿ ಕುಳಿತವರು ತುಂಬಿದ ಹಾಳೆ

ಅರಿಜೋನಾದ ಟೂಸಾನ್ ಊರಿನ ಪೀಮಾ ಕಮ್ಯುನಿಟಿ ಕಾಲೇಜಿನಲ್ಲಿ ನಾನು ತೆಗೆದುಕೊಂಡ ಮೊದಲ ತರಗತಿ 75 ನಿಮಿಷದ್ದು. ಕೀಟಗಳ ನರಮಂಡಲದ ಬಗ್ಗೆ 48 ಸ್ಲೈಡುಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಒಂದನ್ನೂ ಬಿಡದೆ ತೋರಿಸಿದೆ. ಪಾಠ ಮುಗಿದ ಮೇಲೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಮಾರ್ಗದರ್ಶಿ ಅಧ್ಯಾಪಕಿ ಒಂದು ಹಾಳೆಯನ್ನು ಕೈಗಿತ್ತರು. ನಾನೇನು ಮಾಡುತ್ತಿದ್ದೆ, ವಿದ್ಯಾರ್ಥಿಗಳೇನು ಮಾಡುತ್ತಿದ್ದರು ಎಂದು ಪ್ರತಿ ಎರಡು ನಿಮಿಷಕ್ಕೊಮ್ಮೆ ಅದರಲ್ಲಿ ಗುರುತು ಹಾಕಿದ್ದರು. 37 ಸಾಲುಗಳ ಪೈಕಿ 34ರಲ್ಲಿ ಒಂದೇ ಗುರುತು: ಅಧ್ಯಾಪಕಿ ಮಾತನಾಡುತ್ತಿದ್ದಾರೆ, ವಿದ್ಯಾರ್ಥಿಗಳು ಕೇಳುತ್ತಿದ್ದಾರೆ. ಉಳಿದ ಮೂರರಲ್ಲಿ ನಾನು ಪ್ರಶ್ನೆ ಕೇಳಿದ್ದೆ. ಉತ್ತರವನ್ನೂ ನಾನೇ ಹೇಳಿಬಿಟ್ಟಿದ್ದೆ.

"ಇವರು ಏನು ಕಲಿತರು ಎಂಬುದಕ್ಕೆ ನಿಮ್ಮ ಬಳಿ ಡೇಟಾ ಏನಿದೆ?" ಎಂದು ಅವರು ಕೇಳಿದರು. ಬಹಳ ಮೃದುವಾಗಿಯೇ ಕೇಳಿದರು. ಪತಂಗದ ಮೀಸೆಯೊಂದರ ವಿದ್ಯುತ್ ಸಂಕೇತವನ್ನು ಇಪ್ಪತ್ತು ಸಲ ಅಳೆಯದೆ ಒಂದು ವಾಕ್ಯವನ್ನೂ ಬರೆಯದ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ನಾನು ಬೆಂಗಳೂರಿನ ಜಿಕೆವಿಕೆಯಲ್ಲಿ ಕೃಷಿ ಪದವಿ ಓದಿದವಳು. ಅಮೆರಿಕದಲ್ಲಿ ಪಿಎಚ್‌ಡಿ ಮುಗಿಸುವ ತನಕ ಪಾಠ ಮಾಡುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ವಿಷಯ ಗೊತ್ತಿದ್ದರೆ ಪಾಠ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪೆಂದು ತಿಳಿದದ್ದು ಪೋಸ್ಟ್‌ಡಾಕ್ ಆಗಿ, ಅಂದರೆ ಪಿಎಚ್‌ಡಿ ನಂತರದ ಸಂಶೋಧಕಿಯಾಗಿ, ಪರ್ಟ್ ಎಂಬ ತರಬೇತಿಗೆ ಸೇರಿದ ಮೇಲೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಐರಾಕ್ಡಾ ಹೆಸರಿನಲ್ಲಿ ಹಣ ಕೊಟ್ಟು ಹಲವು ವಿಶ್ವವಿದ್ಯಾಲಯಗಳಲ್ಲಿ ಬೆಳೆಸಿದ ತರಬೇತಿಗಳಲ್ಲಿ ಇದೂ ಒಂದು. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಅದನ್ನು ನಡೆಸಿದ್ದು ಕೀಟವಿಜ್ಞಾನ ಕೇಂದ್ರ. ಸ್ಥೂಲವಾಗಿ ನಿಮ್ಮ ಸಮಯದ ಮುಕ್ಕಾಲು ಪಾಲು ಸಂಶೋಧನೆಗೆ, ಕಾಲು ಪಾಲು ಬೋಧನೆಯ ತರಬೇತಿಗೆ. ಆ ಬೋಧನೆಯೂ ದೊಡ್ಡ ವಿಶ್ವವಿದ್ಯಾಲಯದಲ್ಲಲ್ಲ. ವಿಜ್ಞಾನದಲ್ಲಿ ಇದುವರೆಗೆ ಜಾಗ ಸಿಗದ ಸಮುದಾಯಗಳ ಮಕ್ಕಳು ಹೆಚ್ಚಾಗಿ ಓದುವ ಕಾಲೇಜಿನಲ್ಲಿ. ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಇದ್ದವರು ಮಾತ್ರ ಇದಕ್ಕೆ ಅರ್ಹರಾಗಿದ್ದರು. ಮದುವೆಯಿಂದಾಗಿ ನನಗೆ ಗ್ರೀನ್ ಕಾರ್ಡ್ ಬಂದಿತ್ತು. ನನ್ನ ಪಕ್ಕದ ಮೇಜಿನಲ್ಲಿ ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದ ಧಾರವಾಡದ ಹುಡುಗನಿಗೆ ವೀಸಾದ ಕಾರಣಕ್ಕೆ ಈ ಬಾಗಿಲು ಮುಚ್ಚಿತ್ತು. ಅದು ಈಗಲೂ ನನ್ನನ್ನು ನೋಯಿಸುತ್ತದೆ.

ನನ್ನ ತರಗತಿಯಲ್ಲಿ ಇಪ್ಪತ್ತೆರಡು ಮಂದಿ ಇದ್ದರು. ಹೆಚ್ಚಿನವರ ಮನೆಮಾತು ಸ್ಪ್ಯಾನಿಶ್. ಹಗಲು ದುಡಿದು ಸಂಜೆ ಬರುವವರು, ಸೇನೆಯಿಂದ ಮರಳಿದವರು, ಮಗುವನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬರುವ ತಾಯಂದಿರು. ಅವರಿಗೆ ಕಲಿಸಬೇಕಾದರೆ ಮೊದಲು ಅವರಿಗೆ ಏನು ಗೊತ್ತಿದೆ ಎಂದು ಕೇಳಬೇಕು. ಇದನ್ನು ತಿಳಿಯಲು ನನಗೆ ಆರು ವಾರ ಹಿಡಿಯಿತು.

ಮಾರ್ಗದರ್ಶಿ ಹೇಳಿಕೊಟ್ಟ ಮೊದಲ ಕೆಲಸ, ಪಾಠವನ್ನು ಕೊನೆಯಿಂದ ಕಟ್ಟುವುದು. ತರಗತಿ ಮುಗಿದಾಗ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು? ಅದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. "ಅರ್ಥಮಾಡಿಕೊಳ್ಳುವುದು" ಎಂಬ ಕ್ರಿಯಾಪದ ಬಳಸುವಂತಿಲ್ಲ. ಅವನಿಗೆ ಅದು ಬಂದಿದೆ ಎಂದು ತೋರಿಸುವ ಪ್ರಶ್ನೆಯನ್ನು ಆಮೇಲೆ ಬರೆಯಬೇಕು. ಸ್ಲೈಡುಗಳ ಸರದಿ ಎಲ್ಲಕ್ಕಿಂತ ಕೊನೆಗೆ. ಹಾಗೆ ಮಾಡಿದಾಗ ನನ್ನ 48 ಸ್ಲೈಡುಗಳಲ್ಲಿ ಉಳಿದದ್ದು ಒಂಬತ್ತು.

ಏಳನೆಯ ವಾರ ಪ್ರಯೋಗಾಲಯದಿಂದ ಒಂದು ಡಬ್ಬಿ ಹುಳುಗಳನ್ನು ತೆಗೆದುಕೊಂಡು ಹೋದೆ. ಹೊಗೆಸೊಪ್ಪು, ಟೊಮೇಟೊ ಗಿಡಗಳನ್ನು ತಿನ್ನುವ ಮಂಡೂಕಾ ಸೆಕ್ಸ್‌ಟಾ ಎಂಬ ಪತಂಗದ ಮರಿಗಳು. ಹಸಿರು ಮೈ, ಬಾಲದಲ್ಲಿ ಕೊಂಬಿನಂಥ ಮುಳ್ಳು. ಅರಸೀಕೆರೆ ಕಡೆಯ ನಮ್ಮ ಹೊಲದಲ್ಲಿ ಎಳ್ಳಿನ ಗಿಡಕ್ಕೆ ಬೀಳುತ್ತಿದ್ದ ದಪ್ಪ ಹುಳು ಇದರ ಬಳಗದ್ದೇ. ಮೂರು ವಾರದೊಳಗೆ ಇದರ ತೂಕ ಸುಮಾರು 10,000 ಪಟ್ಟು ಏರುತ್ತದೆ. ಆಮೇಲೆ ಮೇಯುವುದನ್ನು ನಿಲ್ಲಿಸಿ, ಮಣ್ಣಿಗಿಳಿದು ಕೋಶವಾಗಲು ಜಾಗ ಹುಡುಕುತ್ತಾ ಅಲೆಯುತ್ತದೆ. ಆ ಹಂತದಲ್ಲಿ ಬೆನ್ನಿನ ನಡುಗೆರೆಯ ಉದ್ದಕ್ಕೂ ಚರ್ಮದಡಿಯಲ್ಲಿ ಹೃದಯದ ನಾಳ ಮಿಡಿಯುವುದು ಬರಿಗಣ್ಣಿಗೇ ಕಾಣುತ್ತದೆ.

ಇಬ್ಬಿಬ್ಬರಿಗೆ ಒಂದೊಂದು ಹುಳು ಕೊಟ್ಟೆ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಮಿಡಿತ ಎಣಿಸಿದರು. ಬಟ್ಟಲಿನ ಕೆಳಗೆ ತಣ್ಣೀರಿನ ಚೀಲವಿಟ್ಟು ಮತ್ತೆ ಎಣಿಸಿದರು. ಸಂಖ್ಯೆ ಇಳಿಯಿತು. "ಏಕೆ?" ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ಮನಸ್ಸಿನಲ್ಲೇ ಕನ್ನಡದಲ್ಲಿ ಹತ್ತರವರೆಗೆ ಎಣಿಸುವುದೆಂದು ನಿಶ್ಚಯಿಸಿದ್ದೆ. ನಾಲ್ಕಕ್ಕೇ ನನ್ನ ಎದೆ ಬಡಿದುಕೊಳ್ಳತೊಡಗಿತು. ಅಷ್ಟು ದೀರ್ಘವೆನಿಸಿತು ಆ ಮೌನ. ಎಂಟು ಎನ್ನುವಾಗ, ಅಲ್ಲಿಯವರೆಗೆ ಒಂದು ಮಾತೂ ಆಡದ ಹುಡುಗನೊಬ್ಬ ಕೈ ಎತ್ತಿದ. ಕಾರು ರಿಪೇರಿ ಅಂಗಡಿಯಲ್ಲಿ ಅವನ ಕೆಲಸ. "ಮಳೆಗಾಲದ ರಾತ್ರಿ ನಮ್ಮ ಅಂಗಡಿಯ ದೀಪಕ್ಕೆ ದೊಡ್ಡ ಪತಂಗಗಳು ಬರುತ್ತವೆ. ಹಾರುವ ಮುಂಚೆ ರೆಕ್ಕೆ ನಡುಗಿಸುತ್ತವೆ. ಅದು ಮೈ ಬಿಸಿ ಮಾಡಿಕೊಳ್ಳುವುದಕ್ಕೋ?"

ಹೌದು, ಅದಕ್ಕೇ. ಎದೆಯ ಸ್ನಾಯುಗಳು ಬಿಸಿಯಾಗದೆ ಆ ಪತಂಗ ಹಾರಲಾರದು. ಆದರೆ ನಾನು "ಹೌದು" ಎನ್ನಲಿಲ್ಲ. "ಅದನ್ನು ಪರೀಕ್ಷಿಸುವುದು ಹೇಗೆ?" ಎಂದೆ. ಉಳಿದ ಅರ್ಧ ಗಂಟೆ ತರಗತಿ ಅವರ ಕೈಯಲ್ಲಿತ್ತು. ಮನೆಯ ಹಿಂದಿನ ದತ್ತೂರದ ಬಿಳಿ ಹೂವಿಗೆ ಇದೇ ಪತಂಗ ಬರುತ್ತದೆಯೇ ಎಂದು ಒಬ್ಬಾಕೆ ಕೇಳಿದಳು. ಬರುತ್ತದೆ, ಅದೇ ಗಿಡದ ಎಲೆಯ ಮೇಲೆ ಮೊಟ್ಟೆಯನ್ನೂ ಇಡುತ್ತದೆ. ನಮ್ಮಲ್ಲಿ ಶಿವನಿಗೆ ಏರಿಸುವ ಹೂವಿನ ಬಳಗ ಅದು ಎಂದು ನಾನು ಹೇಳಿದಾಗ ಅವಳ ಮುಖ ಅರಳಿತು.

ಸಂಶೋಧನೆ ಹಿಂದೆ ಬೀಳಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ವರ್ಷ ಬಿದ್ದಿತು. ಪಾಠದ ತಯಾರಿ ವಾರದಲ್ಲಿ ನಾಲ್ಕು ದಿನಗಳನ್ನು ನುಂಗುತ್ತಿತ್ತು. ಆಮೇಲೆ ತಯಾರಿಗೆ ಸೋಮವಾರ ಮಧ್ಯಾಹ್ನ ಮಾತ್ರ ಎಂದು ಗೆರೆ ಎಳೆದೆ. ಬುಧ, ಶುಕ್ರ ಎರಡು ದಿನ ಪತಂಗಗಳಿಗೇ ಮೀಸಲು. ಪ್ರಯೋಗಾಲಯದ ಮುಖ್ಯಸ್ಥರಿಗೆ ತಿಂಗಳಿಗೊಮ್ಮೆ ಒಂದು ಪುಟದ ವರದಿ ಕೊಡುತ್ತಿದ್ದೆ. ಬಾಯಿಮಾತಿಗಿಂತ ಆ ಪುಟವೇ ಅವರ ಆತಂಕವನ್ನು ಕಳೆಯಿತು.

ಅಧ್ಯಾಪಕ ಹುದ್ದೆಯ ಸಂದರ್ಶನಗಳಲ್ಲಿ ಈ ತರಬೇತಿಯ ಬೆಲೆ ಗೊತ್ತಾಯಿತು. ಅಲ್ಲಿ ಸ್ಲೈಡುಗಳಿಲ್ಲದೆ, ಬರಿಯ ಬೋರ್ಡಿನ ಮುಂದೆ ನಿಂತು ಮುಂದಿನ ಐದು ವರ್ಷದ ಸಂಶೋಧನೆಯನ್ನು ವಿವರಿಸಬೇಕು. ಕೇಳುವವರು ನಡುನಡುವೆ ಪ್ರಶ್ನೆ ಎಸೆಯುತ್ತಾರೆ. ಸಂಜೆ ತರಗತಿಯಲ್ಲಿ ಪಳಗಿದ ನನಗೆ ಅದು ಭಯವೆನಿಸಲಿಲ್ಲ. ಬೋಧನೆಯ ಬಗ್ಗೆ ಬರೆದುಕೊಡಬೇಕಾದ ಎರಡು ಪುಟಗಳಲ್ಲಿ "ನನಗೆ ಕಲಿಸುವುದೆಂದರೆ ಪ್ರೀತಿ" ಎಂಬ ಮಾತು ಬರೆಯಲಿಲ್ಲ. ಮೊದಲ ವಾರದ ಹಾಳೆ ಮತ್ತು ಹದಿನಾಲ್ಕನೆಯ ವಾರದ ಹಾಳೆಗಳಲ್ಲಿ ಏನು ಬದಲಾಗಿತ್ತು ಎಂದು ಬರೆದೆ. ತರಗತಿಯಲ್ಲಿ ತಾವೇ ತೊಡಗಿಕೊಂಡು ಕಲಿಯುವವರಿಗೆ ಹೋಲಿಸಿದರೆ, ಉಪನ್ಯಾಸವನ್ನಷ್ಟೇ ಕೇಳುವ ವಿದ್ಯಾರ್ಥಿಗಳು ಅನುತ್ತೀರ್ಣರಾಗುವ ಸಾಧ್ಯತೆ ಒಂದೂವರೆ ಪಟ್ಟು ಎಂದು 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದೆ. ಅದು ನನ್ನ ಬದಲಾವಣೆಗೆ ಬೆಂಬಲವಾಗಿತ್ತು.

ಇಂಥ ಕಾರ್ಯಕ್ರಮ ಸಿಗದವರು ಏನು ಮಾಡಬಹುದು ಎಂದು ಊರಿನ ಕಿರಿಯ ಸಂಶೋಧಕರು ಬರೆದು ಕೇಳುತ್ತಾರೆ. ಹತ್ತಿರದ ಪದವಿ ಕಾಲೇಜಿನಲ್ಲಿ ಒಂದೇ ಒಂದು ಘಟಕವನ್ನು ಪಾಠ ಮಾಡಲು ಕೇಳಿಕೊಳ್ಳಿ. ಅನುಭವಿಗಳೊಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಗಡಿಯಾರ ಮತ್ತು ಹಾಳೆ ಕೊಡಿ. ಇದಕ್ಕೆ ಹಣ ಬೇಕಿಲ್ಲ.

ಈಗ ಹಿಂದಿನ ಸಾಲಿನಲ್ಲಿ ನಾನು ಕೂರುತ್ತೇನೆ. ಈ ವರ್ಷ ಇಬ್ಬರು ಪೋಸ್ಟ್‌ಡಾಕ್‌ಗಳಿದ್ದಾರೆ. ಮೊನ್ನೆ ಅವರಲ್ಲೊಬ್ಬಳ ಮೊದಲ ತರಗತಿಗೆ ಹೋಗಿದ್ದೆ; 37ರಲ್ಲಿ 31 ಸಾಲು ಅವಳದೇ ಮಾತು. ನನಗಿಂತ ಮೂರು ಸಾಲು ಕಡಿಮೆ. ನಾಳೆ ಮಧ್ಯಾಹ್ನ ಇಬ್ಬರೂ ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂರಲಿದ್ದೇವೆ.